ಮಳೆ ಹಿಡಿದರೂ ಅಪ್ಪ ಕೂರುತ್ತಿಲ್ಲ. ನಿಮ್ಮ ಕಡೆ ದುಡಿಮೆಗೆ, ವಿಶ್ರಾಂತಿಗೆ ಕಾಲ ಅಂತ ಇದೆಯಾ?

ಬೆಟ್ಟದಂಚು | 14 ಜೂನ್, ರಾತ್ರಿ 10:20

ಎಲ್ಲರಿಗೂ ನಮಸ್ಕಾರ. ನಮ್ಮದು ಶಿರಸಿ ಕಡೆ. ಎರಡೂವರೆ ಎಕರೆ ಅಡಿಕೆ ತೋಟ, ಅದರ ಮೇಲೆ ಸೊಪ್ಪಿನ ಬೆಟ್ಟ. ಅಪ್ಪನಿಗೆ 68 ವರ್ಷ. ಫೆಬ್ರವರಿಯಲ್ಲಿ ಅಡಿಕೆ ಸುಗ್ಗಿ ಮುಗಿಯುವ ಹೊತ್ತಿಗೆ ಎದೆನೋವು ಬಂತು. ಒಂದು ಸ್ಟೆಂಟ್ ಹಾಕಿದ್ದಾರೆ. ಈಗ ಆರಾಮಾಗಿದ್ದಾರೆ. ತೋಟವನ್ನು ತಮ್ಮ ನೋಡಿಕೊಳ್ಳುತ್ತಾನೆ. ಅಪ್ಪ ದುಡಿಯಲೇಬೇಕು ಅನ್ನುವ ಪರಿಸ್ಥಿತಿ ಮನೆಯಲ್ಲಿ ಇಲ್ಲ.

ಆದರೂ ಅವರು ಕೂರುವುದಿಲ್ಲ. ಮೊನ್ನೆ ಮೃಗಶಿರ ಮಳೆ ಜೋರಾಗಿ ಹಿಡಿದಿತ್ತು. ಬೆಳಿಗ್ಗೆ ಆರಕ್ಕೆ ಎದ್ದು ನೋಡಿದರೆ ಮೂಲೆಯಲ್ಲಿ ಗುದ್ದಲಿ ಇಲ್ಲ, ಗೂಟದಲ್ಲಿ ಕಂಬಳಿ ಕೊಪ್ಪೆ ಇಲ್ಲ. ತೋಟದ ಕೆಳಗಿನ ತುದಿಯಲ್ಲಿ ನಿಂತು ಬಸಿಗಾಲುವೆಗೆ ಕುಸಿದ ಮಣ್ಣು ತೆಗೆಯುತ್ತಿದ್ದರು. ತಮ್ಮ ಓಡಿಹೋಗಿ ಕೈಯಿಂದ ಗುದ್ದಲಿ ಕಿತ್ತುಕೊಂಡ. ಅಪ್ಪ ಏನೂ ಅನ್ನಲಿಲ್ಲ. ಮನೆಗೆ ಬಂದು ಜಗಲಿಯ ಕಂಬಕ್ಕೆ ಒರಗಿ ಕೂತರು. ಮಧ್ಯಾಹ್ನ ಊಟಕ್ಕೆ ಕರೆದಾಗಲೂ ನಮ್ಮ ಮುಖ ನೋಡಲಿಲ್ಲ.

ನಾನು ಚಿಕ್ಕವಳಿದ್ದಾಗ ಇದೇ ಅಪ್ಪ ಮಳೆಗಾಲದಲ್ಲಿ ಕೂರುತ್ತಿದ್ದರು. ಅಡಿಕೆಯ ಕೊಳೆರೋಗಕ್ಕೆ ಮೊದಲ ಸಲ ಬೋರ್ಡೋ ಔಷಧಿ ಹೊಡೆದು ಮುಗಿದರೆ ಎರಡನೇ ಸಲಕ್ಕೆ 40–45 ದಿನ ಇರುತ್ತಿತ್ತು. ಆ ನಡುವೆ ಆರಿದ್ರೆ ಮಳೆ, ಪುನರ್ವಸು ಮಳೆ. ಬಚ್ಚಲ ಒಲೆಯ ಮುಂದೆ ಹಲಸಿನ ಬೇಳೆ ಸುಟ್ಟುಕೊಂಡು, ಪಕ್ಕದ ಮನೆಯವರ ಜೊತೆ ಇಸ್ಪೀಟು ಆಡಿಕೊಂಡು ಇರುತ್ತಿದ್ದರು. ಆಗ ಯಾರೂ ಅವರಿಗೆ ವಿಶ್ರಾಂತಿ ಮಾಡಿ ಅಂತ ಹೇಳಿರಲಿಲ್ಲ. ಮಳೆ ಹೇಳುತ್ತಿತ್ತು, ಊರಿಗೆ ಊರೇ ಕೂರುತ್ತಿತ್ತು. ಈಗ ನಾವು ಹೇಳಿದರೆ ಅವರಿಗೆ ಅದು ‘ನಿನ್ನಿಂದ ಇನ್ನು ಆಗಲ್ಲ’ ಅಂದ ಹಾಗೆ ಕೇಳಿಸುತ್ತಿದೆ.

ನನ್ನದೂ ಅದೇ ಕಥೆ. 43 ವರ್ಷ. ಬೆಂಗಳೂರಿನ ಕೆಲಸವನ್ನು ಎರಡು ತಿಂಗಳಿಂದ ಮನೆಯಲ್ಲೇ ಕೂತು ಮಾಡುತ್ತಿದ್ದೇನೆ. ರಾತ್ರಿ ಹನ್ನೊಂದರವರೆಗೆ ಮೀಟಿಂಗು. ಜನವರಿಯೂ ಜುಲೈಯೂ ನನಗೆ ಒಂದೇ. ರಜೆ ಹಾಕಿದ ದಿನವೂ ಫೋನು ನೋಡುತ್ತಾ ಇರುತ್ತೇನೆ.

ನಿಮ್ಮ ಮನೆಗಳಲ್ಲಿ ಇದು ಹೇಗೆ? ಯಾವಾಗ ದುಡಿಯಬೇಕು, ಯಾವಾಗ ಕೂರಬೇಕು ಅನ್ನುವುದನ್ನು ಯಾರು ಹೇಳುತ್ತಾರೆ? ವಯಸ್ಸಾದವರನ್ನು ನೋಯಿಸದೆ ಹೇಗೆ ಕೂರಿಸುತ್ತೀರಿ? ದಯವಿಟ್ಟು ಬರೆಯಿರಿ.

ಕರಿಮಣ್ಣು | 15 ಜೂನ್, ಬೆಳಿಗ್ಗೆ 6:05

ಅಕ್ಕಾರ, ನಿಮ್ಮ ಪತ್ರ ಓದಿ ನಮ್ಮ ಹೊಲ ನೆನಪಾಯಿತು. ನಮ್ಮದು ವಿಜಯಪುರ ಜಿಲ್ಲೆ. ಎರೆಭೂಮಿ.

ನಮ್ಮ ಕಡೆ ಬಿಳಿಜೋಳ ಬಿತ್ತುವ ಹೊಲವನ್ನು ಮುಂಗಾರಿನಲ್ಲಿ ಖಾಲಿ ಬಿಡುತ್ತೇವೆ. ಹೊರಗಿನವರು ನೋಡಿದರೆ ಇಷ್ಟು ಮಳೆ ಬರುತ್ತಿದೆ, ಭೂಮಿ ಯಾಕೆ ಸುಮ್ನೆ ಬಿಟ್ಟಿದ್ದಾರೆ ಅಂದುಕೊಳ್ಳುತ್ತಾರೆ. ಅದು ಸುಮ್ನೆ ಬಿದ್ದಿರುವುದಿಲ್ಲ. ನೀರು ಕುಡಿಯುತ್ತಾ ಇರುತ್ತದೆ. ಮಳೆನೀರು ಹರಿದು ಹೋಗದ ಹಾಗೆ ಚೌಕು ಮಡಿ ಕಟ್ಟುತ್ತೇವೆ. ಕಸ ಎದ್ದರೆ ಕುಂಟೆ ಹೊಡೆಯುತ್ತೇವೆ. ಅಷ್ಟೇ. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಹೊತ್ತಿಗೆ ಬಿತ್ತಿದರೆ, ಆಮೇಲೆ ಮಳೆ ಕೈಕೊಟ್ಟರೂ ಆ ಒಳಗಿನ ಹಸಿಯಲ್ಲೇ ಜೋಳ ತೆನೆ ಕಟ್ಟುತ್ತದೆ. ಆ ನಾಲ್ಕು ತಿಂಗಳು ಹೊಲ ಬಿಡದಿದ್ದರೆ ಈ ಬೆಳೆ ಇಲ್ಲ.

ಇನ್ನೊಂದು ಮಾತು. ನಮ್ಮ ಊರಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ. ಅದು ಬಸವಣ್ಣನ ದಿನ. ಬಿತ್ತನೆಯ ಹದ ಬಂದಿರಲಿ, ಮಳೆ ಬರುವ ಹಾಗಿರಲಿ, ನೊಗ ಇಡುವುದಿಲ್ಲ. ನಮ್ಮ ಮುತ್ಯಾ, ಅಂದರೆ ಅಜ್ಜ, ಬಹಳ ಆತುರದ ಮನುಷ್ಯ. ಆದರೆ ಸೋಮವಾರ ಮಾತ್ರ ಎತ್ತುಗಳ ಮೈ ತೊಳೆದು, ತಾನೂ ಜಳಕ ಮಾಡಿ, ಬೇವಿನ ಗಿಡದ ಕೆಳಗೆ ಮಲಗುತ್ತಿದ್ದ. ಎತ್ತಿಗೆ ರಜೆ ಇದ್ದರೆ ರೈತನಿಗೂ ರಜೆ ಅಲ್ವಾ. ಕಾರ ಹುಣ್ಣಿಮೆಗಂತೂ ಎತ್ತುಗಳ ಕೊಂಬಿಗೆ ಬಣ್ಣ ಹಚ್ಚಿ, ಹೋಳಿಗೆ ತಿನ್ನಿಸಿ, ಸಂಜೆ ಎತ್ತು ಓಡಿಸಿ ಕರಿ ಹರಿಯುತ್ತೇವೆ.

ಈಗ ನಮ್ಮ ಊರಲ್ಲಿ ಟ್ರ್ಯಾಕ್ಟರ್ ಜಾಸ್ತಿ. ಟ್ರ್ಯಾಕ್ಟರಿಗೆ ಸೋಮವಾರ ಇಲ್ಲ. ಎತ್ತು ಹೋದಾಗ ನಮ್ಮ ವಿಶ್ರಾಂತಿಯೂ ಹೋಯಿತು ಅನ್ನುವುದು ನನಗೆ ಹೊಳೆದದ್ದೇ ಮುತ್ಯಾ ತೀರಿಕೊಂಡ ಮೇಲೆ. ಅವನು ತನ್ನ ಸಲುವಾಗಿ ಒಂದು ದಿನವೂ ಕೂರುವ ಮನುಷ್ಯ ಆಗಿರಲಿಲ್ಲ. ಎತ್ತಿನ ಸಲುವಾಗಿ ಕೂತ.

ಬಲೆಗಾರ | 15 ಜೂನ್, ಬೆಳಿಗ್ಗೆ 9:30

ಮಲ್ಪೆ ಕಡೆಯವನು. ನಮಗೆ ಸರಕಾರವೇ ಹೇಳುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಮೀನು ಮರಿ ಮಾಡುವ ಕಾಲ. ನಮ್ಮ ಹಿರಿಯರು ಕಾನೂನು ಬರುವ ಮೊದಲೂ ಈ ದಿನಗಳಲ್ಲಿ ಕಡಲಿನ ಮುಖ ನೋಡಿಯೇ ತೀರ್ಮಾನ ಮಾಡುತ್ತಿದ್ದರು. ನಾಡದೋಣಿಯವರು ಈಗಲೂ ಕಡಲು ಸ್ವಲ್ಪ ಶಾಂತವಾದರೆ ಹೋಗಿ ಬರುತ್ತಾರೆ.

ಈಗ ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ಒಡಿಶಾ, ಜಾರ್ಖಂಡ್ ಕಡೆಯ ಹುಡುಗರು ಊರಿಗೆ ಹೋಗಿದ್ದಾರೆ. ನಾವು ಶೆಡ್ಡಿನಲ್ಲಿ ಕೂತು ಬಲೆ ಸರಿ ಮಾಡುತ್ತೇವೆ. ವರ್ಷವಿಡೀ ಬೋಟಿನಲ್ಲಿ ಒಬ್ಬರ ಮೇಲೊಬ್ಬರು ಕಿರುಚಿಕೊಂಡವರು ಈ ಎರಡು ತಿಂಗಳು ನಿಧಾನವಾಗಿ ಮಾತಾಡುತ್ತೇವೆ. ನನಗೆ ನನ್ನ ಮಗಳ ಶಾಲೆಯ ಗೆಳತಿಯರ ಹೆಸರು ಗೊತ್ತಾಗುವುದೂ ಜೂನ್‌ನಲ್ಲೇ.

ನಿಮ್ಮ ತಂದೆಯವರ ವಿಷಯಕ್ಕೆ ಒಂದು ಮಾತು. ನಮ್ಮಲ್ಲಿ ಕಡಲಿಗೆ ಹೋಗುವುದು ಬಿಟ್ಟ ಹಿರಿಯರು ಮನೆಯಲ್ಲಿ ಮಲಗುವುದಿಲ್ಲ. ಬಲೆ ನೋಡುತ್ತಾರೆ. ಎಲ್ಲಿ ಹರಿದಿದೆ, ಯಾಕೆ ಹರಿದಿದೆ ಅಂತ ಅವರ ಬೆರಳಿಗೆ ಗೊತ್ತಾಗುತ್ತದೆ. ಬೋಟಿನ ಯಜಮಾನನೂ ಅವರ ಎದುರು ನಿಂತು ಕೇಳಿಕೊಳ್ಳುತ್ತಾನೆ.

ಕೆಸುವಿನೆಲೆ | 15 ಜೂನ್, ಮಧ್ಯಾಹ್ನ 2:15

ಬೇಜಾರು ಮಾಡಿಕೊಳ್ಳಬೇಡಿ, ನನಗೆ ಒಂದು ತಕರಾರಿದೆ.

ನಾನು ಪುತ್ತೂರು ಕಡೆ ಹುಟ್ಟಿ ಬೆಳೆದವಳು. ಅಮ್ಮ ಕೂಲಿ ಕೆಲಸದವರು. ನಮಗೆ ಆಟಿ, ಅಂದರೆ ಜುಲೈ–ಆಗಸ್ಟ್ ಹೊತ್ತಿನ ತುಳು ತಿಂಗಳು, ಹಸಿವಿನ ತಿಂಗಳು. ನೇಜಿ (ಭತ್ತದ ಸಸಿ) ನೆಟ್ಟು ಮುಗಿಯಿತು ಅಂದರೆ ಗದ್ದೆಯಲ್ಲಿ ಕೆಲಸ ಇಲ್ಲ. ಕೆಲಸ ಇಲ್ಲ ಅಂದರೆ ಅಕ್ಕಿ ಇಲ್ಲ. ಆಟಿಯಲ್ಲಿ ಪತ್ರೊಡೆ, ತಜಂಕು ಸೊಪ್ಪಿನ ಪಲ್ಯ, ಕಣಿಲೆ (ಎಳೆ ಬಿದಿರು) ಅಂತ ಈಗ ಊರೂರಲ್ಲಿ ‘ಆಟಿಡೊಂಜಿ ದಿನ’ ಮಾಡಿ ಬಡಿಸುತ್ತಾರೆ. ನನಗೂ ಇಷ್ಟವೇ. ಆದರೆ ಅಮ್ಮ ಅದನ್ನೆಲ್ಲ ಕೊಯ್ದು ತಂದದ್ದು ರುಚಿಗೆ ಅಲ್ಲ, ಬೇರೇನೂ ಇರಲಿಲ್ಲ ಅಂತ. ಹೊರಗೆ ಮಳೆ ಹೊಯ್ಯುವಾಗ ಒಳಗೆ ಚಿಮಣಿ ದೀಪ ಹಚ್ಚಿ ಬೀಡಿ ಕಟ್ಟುತ್ತಿದ್ದರು. ಸಾವಿರ ಬೀಡಿಗೆ ಇಷ್ಟು ಅಂತ ಲೆಕ್ಕ. ಎಲೆ ಒದ್ದೆಯಾದರೆ ಸುರುಳಿ ನಿಲ್ಲುವುದಿಲ್ಲ. ಅದಕ್ಕೆ ಎಲೆಯ ಕಟ್ಟನ್ನು ಒಲೆಯ ಹತ್ತಿರ ಇಟ್ಟು ಕಾಯುತ್ತಿದ್ದರು. ನಾನು ಅವರ ತೊಡೆಯ ಮೇಲಿನ ಗೆರಸೆಯಿಂದ ನೂಲು ತೆಗೆದು ಕೊಡುತ್ತಿದ್ದೆ.

ಮಳೆ ಎಲ್ಲರಿಗೂ ಒಂದೇ ಥರ ಕೂರು ಅಂತ ಹೇಳಲಿಲ್ಲ. ಮನೆಯಲ್ಲಿ ಅಕ್ಕಿ, ಕಟ್ಟಿಗೆ, ಹಪ್ಪಳ ತುಂಬಿದ್ದವರಿಗೆ ಮಾತ್ರ ಹೇಳಿತು. ವಿಶ್ರಾಂತಿಯ ಬಗ್ಗೆ ಮಾತಾಡುವಾಗ ಇದೂ ನೆನಪಿರಲಿ ಅಂತ ಬರೆದೆ.

ಕರಿಮಣ್ಣು | 15 ಜೂನ್, ಸಂಜೆ 7:40

ಅಕ್ಕಾ, ನೀವು ಹೇಳಿದ್ದು ಖರೇ. ನಾನು ಹೊಲದ ಮಾತು ಹೇಳಿದೆ, ಹೊಲ ಇಲ್ಲದವರ ಮಾತು ಬಿಟ್ಟೆ. ನಮ್ಮ ಕಡೆ ಬೇಸಿಗೆ ಬಂತು ಅಂದರೆ ಅರ್ಧ ಓಣಿ ಗುಳೆ ಹೋಗುತ್ತದೆ. ಮನೆಗೆ ಬೀಗ, ಮುದುಕರು ಮಾತ್ರ ಊರಲ್ಲಿ. ಹೊಲಕ್ಕೆ ಬಿಡುವು ಸಿಕ್ಕಾಗ ಮನುಷ್ಯರು ಬೆಂಗಳೂರಿನಲ್ಲಿ ಇಟ್ಟಿಗೆ ಹೊರುತ್ತಿರುತ್ತಾರೆ. ಬರೆಯುವಾಗ ಇದು ನೆನಪಿಗೆ ಬರಬೇಕಿತ್ತು.

ಬೆಟ್ಟದಂಚು | 15 ಜೂನ್, ರಾತ್ರಿ 11:10

ಕೆಸುವಿನೆಲೆ ಅವರೇ, ಬೇಜಾರು ಇಲ್ಲ. ನಾನು ನೆನಪಿಸಿಕೊಂಡದ್ದು ನಮ್ಮ ಜಗಲಿಯನ್ನು ಮಾತ್ರ. ನಮ್ಮ ತೋಟಕ್ಕೆ ಮರ ಹತ್ತಿ ಅಡಿಕೆ ಕೊನೆ ಕೊಯ್ಯಲು ಬರುತ್ತಿದ್ದ ಕೊನೆಗೌಡನ ಮನೆಯಲ್ಲಿ ಆ 40 ದಿನ ಹೇಗಿತ್ತು ಅಂತ ನಾನು ಯಾವತ್ತೂ ಕೇಳಿಲ್ಲ. ನಿಮ್ಮ ಅಮ್ಮ ಈಗ ಹೇಗಿದ್ದಾರೆ?

ಕೆಸುವಿನೆಲೆ | 16 ಜೂನ್, ಬೆಳಿಗ್ಗೆ 8:00

ಚೆನ್ನಾಗಿದ್ದಾರೆ. ನನ್ನ ಜೊತೆಗೇ ಇದ್ದಾರೆ. ಬೀಡಿ ಬಿಟ್ಟು ಒಂಬತ್ತು ವರ್ಷ ಆಯಿತು. ಈಗ ಮಧ್ಯಾಹ್ನ ಮಲಗುತ್ತಾರೆ. ಮೊದಲ ವರ್ಷ ಮಲಗಲು ನಾಚಿಕೆ ಪಡುತ್ತಿದ್ದರು. ನಾನು ಕೆಲಸದಿಂದ ಬರುವ ಸದ್ದಾದರೆ ಎದ್ದು ಪೊರಕೆ ಹಿಡಿಯುತ್ತಿದ್ದರು.

ಗೆಜ್ಜೆಪೂಜೆ | 16 ಜೂನ್, ರಾತ್ರಿ 9:00

ನಾನು ಮೇಳದ ಜೊತೆ 31 ತಿರುಗಾಟ ಮಾಡಿದ ಯಕ್ಷಗಾನ ವೇಷಧಾರಿ. ತೆಂಕುತಿಟ್ಟು. ಬೆಟ್ಟದಂಚು ಅವರ ತಂದೆ ಊಟಕ್ಕೆ ಕರೆದರೂ ಮುಖ ನೋಡಲಿಲ್ಲ ಅನ್ನುವ ಸಾಲು ಎರಡು ದಿನದಿಂದ ನನ್ನ ತಲೆಯಲ್ಲಿ ಇದೆ. ಅದಕ್ಕೇ ಬರೆಯುತ್ತಿದ್ದೇನೆ.

ನಮಗೂ ಕಾಲ ಇದೆ. ದೀಪಾವಳಿ ಆದ ಮೇಲೆ ಮೇಳ ಹೊರಡುತ್ತದೆ. ಮೇ 24–25ರ ಸುಮಾರಿಗೆ, ತುಳುವಿನ ಬೇಶ ತಿಂಗಳ ಹತ್ತಕ್ಕೆ, ಪತ್ತನಾಜೆ. ಆವತ್ತು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತೇವೆ. ಆರು ತಿಂಗಳು ರಾತ್ರಿ ಕುಣಿದು ಹಗಲು ಮಲಗಿದ ಮೈಗೆ ರಾತ್ರಿ ನಿದ್ದೆ ಮತ್ತೆ ಕಲಿಸಬೇಕು. ನನಗೆ ಅದಕ್ಕೆ ಹದಿನೈದು ದಿನ ಬೇಕಾಗುತ್ತಿತ್ತು. ರಾತ್ರಿ ಎರಡಕ್ಕೆ ಎದ್ದು ಕೂತು, ಈಗ ಇಂಥ ಪ್ರಸಂಗದಲ್ಲಿ ಇಂಥ ವೇಷ ಹೊರಡುವ ಹೊತ್ತು ಅಂತ ಲೆಕ್ಕ ಹಾಕುತ್ತಿದ್ದೆ. ಮಳೆಗಾಲದಲ್ಲಿ ಕೆಲವರು ಚಿಕ್ಕಮೇಳ ಕಟ್ಟಿಕೊಂಡು ಮನೆ ಮನೆಗೆ ಹೋಗುತ್ತಾರೆ. ಹೊಟ್ಟೆಪಾಡು. ನಾನೂ ಹೋಗಿದ್ದೇನೆ.

ಆದರೆ ನಾನು ಹೇಳಬೇಕಾದದ್ದು ವರ್ಷದ ಕಾಲದ ಬಗ್ಗೆ ಅಲ್ಲ, ವಯಸ್ಸಿನ ಕಾಲದ ಬಗ್ಗೆ.

ಇಪ್ಪತ್ತರ ಹರೆಯದಲ್ಲಿ ನಾನು ಪುಂಡುವೇಷ ಮಾಡುತ್ತಿದ್ದೆ. ಅಭಿಮನ್ಯು, ಬಭ್ರುವಾಹನ. ಪುಂಡುವೇಷ ಅಂದರೆ ಹುಡುಗ ವೀರರ ವೇಷ, ಅದರಲ್ಲಿ ದಿಗಿಣ, ಅಂದರೆ ಹಾರಿ ಸುತ್ತುವ ಕುಣಿತ, ಮುಖ್ಯ. ಜನ ಎಣಿಸುತ್ತಾರೆ, ಎಷ್ಟು ದಿಗಿಣ ಹಾರಿದ ಅಂತ. ನಲವತ್ತು ದಾಟಿದ ಮೇಲೂ ನಾನು ಬಿಡಲಿಲ್ಲ. ಒಂದು ರಾತ್ರಿ ಅಭಿಮನ್ಯು ಮಾಡುವಾಗ ಎಡಮಂಡಿ ಮಡಚಿಕೊಂಡಿತು. ಪ್ರೇಕ್ಷಕರಿಗೆ ಗೊತ್ತಾಗಲಿಲ್ಲ. ಭಾಗವತರಿಗೆ ಗೊತ್ತಾಯಿತು. ಅವರು ಪದ್ಯವನ್ನು ನಿಧಾನ ಮಾಡಿದರು. ಚೆಂಡೆಯವರೂ ಕೈ ತಗ್ಗಿಸಿದರು. ನಾನು ನಿಂತಲ್ಲೇ ಮಾತಿನಲ್ಲಿ ಮುಗಿಸಿದೆ. ಚೌಕಿಗೆ, ಅಂದರೆ ಬಣ್ಣದ ಮನೆಗೆ, ಬಂದು ಕಿರೀಟ ಬಿಚ್ಚುವಾಗ ಕಣ್ಣೀರು ಬಂತು. ಭಾಗವತರು ಬೆಳಗಿನ ಜಾವ ಹತ್ತಿರ ಕೂತು ಒಂದೇ ಮಾತು ಹೇಳಿದರು. ಮುಂದಿನ ವರ್ಷದಿಂದ ನೀನು ಅರ್ಜುನ ಮಾಡು ಅಂತ.

ಅವರು ಕುಣಿಯಬೇಡ ಅನ್ನಲಿಲ್ಲ ನೋಡಿ. ಬೇರೆ ವೇಷ ಕೊಟ್ಟರು. ಮಗನ ವೇಷದಿಂದ ತಂದೆಯ ವೇಷಕ್ಕೆ ಬಂದೆ. ಆಮೇಲೆ ಹತ್ತು ವರ್ಷ ಮಾಡಿದೆ. ಈಗ ನನಗೆ 61. ಮೇಳ ಬಿಟ್ಟಿದ್ದೇನೆ. ತಾಳಮದ್ದಳೆಗೆ ಹೋಗುತ್ತೇನೆ. ಅಲ್ಲಿ ಬಣ್ಣ ಇಲ್ಲ, ಕುಣಿತ ಇಲ್ಲ. ಪಂಚೆ ಉಟ್ಟು ಕೂತು ಅರ್ಥ ಹೇಳುವುದು. ಕೂತಿದ್ದೇನೆ, ಆದರೆ ರಂಗದಲ್ಲೇ ಇದ್ದೇನೆ.

ನಿಮ್ಮ ತಂದೆಯವರ ಕೈಯಿಂದ ಗುದ್ದಲಿ ತೆಗೆದುಕೊಂಡಿರಿ. ತೆಗೆದುಕೊಳ್ಳಲೇಬೇಕಿತ್ತು. ಅದರ ಬದಲಿಗೆ ಏನು ಕೊಟ್ಟಿರಿ?

ಬೆಟ್ಟದಂಚು | 16 ಜೂನ್, ರಾತ್ರಿ 9:50

ಏನೂ ಕೊಡಲಿಲ್ಲ. ಮೊಬೈಲು ಕೊಟ್ಟೆವು, ನೋಡಿಕೊಳ್ಳಿ ಅಂತ.

ನಿಮಗೆ ಹೇಗೆ ಧನ್ಯವಾದ ಹೇಳುವುದೋ ತಿಳಿಯುತ್ತಿಲ್ಲ.

ರಾತ್ರಿಪಾಳಿ | 17 ಜೂನ್, ಬೆಳಿಗ್ಗೆ 5:30

ಹೃದ್ರೋಗ ವಿಭಾಗದಲ್ಲಿ ನರ್ಸ್. ಪಾಳಿ ಮುಗಿಯುವ ಮೊದಲು ಬೇಗ ಬರೆಯುತ್ತೇನೆ. ಸ್ಟೆಂಟ್ ಆದವರನ್ನು ಮಲಗಿಸಿ ಇಡುವುದು ಚಿಕಿತ್ಸೆ ಅಲ್ಲ. ವೈದ್ಯರು ಒಪ್ಪಿದಷ್ಟು ದಿನಾ ನಡೆಯಬೇಕು, ನಿಧಾನಕ್ಕೆ ಜಾಸ್ತಿ ಮಾಡಬೇಕು. ಭಾರ ಎತ್ತುವುದು, ಊಟ ಆದ ಕೂಡಲೇ ದಿಬ್ಬ ಹತ್ತುವುದು, ಮಳೆಯಲ್ಲಿ ನೆಂದು ಮಣ್ಣು ಅಗೆಯುವುದು ಬೇಡ. ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಮಾತ್ರೆಯನ್ನು ವೈದ್ಯರು ನಿಲ್ಲಿಸಿ ಅನ್ನುವವರೆಗೆ ಒಂದು ದಿನವೂ ತಪ್ಪಿಸಬೇಡಿ. ಆ ಮಾತ್ರೆ ತೆಗೆದುಕೊಳ್ಳುವಾಗ ಚಿಕ್ಕ ಗಾಯ ಆದರೂ ರಕ್ತ ಬೇಗ ನಿಲ್ಲುವುದಿಲ್ಲ. ಕತ್ತಿ, ಬ್ಲೇಡು ಹಿಡಿಯುವಾಗ ಹುಷಾರು. ಮತ್ತೆ ಎದೆ ಹಿಡಿದ ಹಾಗಾದರೆ ಗ್ಯಾಸ್ಟ್ರಿಕ್ ಅಂತ ಮನೆಯಲ್ಲಿ ಕೂರಬೇಡಿ, ತಕ್ಷಣ ಹೊರಡಿ.

ನಾಲ್ಕನೇಜ್ವರ | 17 ಜೂನ್, ಮಧ್ಯಾಹ್ನ 1:00

ಕನಕಪುರ ಕಡೆ. ರೇಷ್ಮೆ ಸಾಕುವ ಮನೆ. ನಮಗೆ ಮಳೆಗಾಲ, ಬೇಸಿಗೆ ಅಂತ ಬಿಡುವಿಲ್ಲ. ಬೋರ್‌ವೆಲ್‌ನಲ್ಲಿ ನೀರು, ಗಿಡದಲ್ಲಿ ಸೊಪ್ಪು ಇದ್ದರೆ ಒಂದು ಬೆಳೆ ಆದ ಮೇಲೆ ಇನ್ನೊಂದು. ಗೂಡು ಮಾರುಕಟ್ಟೆಗೆ ಹೋದ ಮಾರನೇ ದಿನ ಮನೆ ತೊಳೆದು ಬ್ಲೀಚಿಂಗ್ ಪೌಡರ್ ಹಾಕುತ್ತೇವೆ.

ಆದರೆ ಹುಳಕ್ಕೆ ವಿಶ್ರಾಂತಿ ಇದೆ. ಅದನ್ನೇ ನಾವು ಜ್ವರ ಅನ್ನುವುದು. ಗೂಡು ಕಟ್ಟುವ ಮೊದಲು ನಾಲ್ಕು ಸಲ ಹುಳ ಜ್ವರಕ್ಕೆ ಕೂರುತ್ತದೆ. ತಿನ್ನುವುದು ನಿಲ್ಲಿಸುತ್ತದೆ, ತಲೆ ಮೇಲೆತ್ತಿ ಅಲುಗಾಡದೆ ಇರುತ್ತದೆ. ಒಳಗೆ ಹೊಸ ಚರ್ಮ ಬರುತ್ತಿರುತ್ತದೆ. ಆಗ ಸೊಪ್ಪು ಹಾಕಬಾರದು. ತಟ್ಟೆ ಒಣಗಿರಲಿ ಅಂತ ಸುಣ್ಣದ ಪುಡಿ ಉದುರಿಸುತ್ತೇವೆ, ಕಿಟಕಿ ತೆರೆದು ಗಾಳಿ ಬಿಡುತ್ತೇವೆ, ಮುಟ್ಟುವುದಿಲ್ಲ. ಕೆಲವು ಬೇಗ ಏಳುತ್ತವೆ. ಎದ್ದವಕ್ಕೆ ಹಸಿವು. ಆದರೂ ಹೆಚ್ಚುಕಡಿಮೆ ಎಲ್ಲವೂ ಏಳುವವರೆಗೆ ಕಾಯುತ್ತೇವೆ. ಕಾಯದಿದ್ದರೆ ಹುಳ ದೊಡ್ಡದು ಚಿಕ್ಕದು ಆಗಿ, ಗೂಡು ಕಟ್ಟುವ ಚಂದ್ರಿಕೆಗೆ ಬಿಡುವಾಗ ಒಂದು ಹಣ್ಣಾಗಿ ಗೂಡಿಗೆ ತಯಾರಾಗಿರುತ್ತದೆ, ಒಂದು ಇನ್ನೂ ತಿನ್ನುತ್ತಿರುತ್ತದೆ. ನಾಲ್ಕನೇ ಜ್ವರ ಎದ್ದ ಮೇಲೆ ಒಂದು ವಾರ ತಿನ್ನುವ ತಿನ್ನಾಟ ಇದೆಯಲ್ಲ, ಒಂದು ಬೆಳೆಗೆ ಬೇಕಾದ ಸೊಪ್ಪಿನಲ್ಲಿ ಮುಕ್ಕಾಲಿಗಿಂತ ಜಾಸ್ತಿ ಆ ವಾರದಲ್ಲೇ ಖರ್ಚು. ನಮಗೆ ಆಗ ರಾತ್ರಿ ಹಗಲು ಒಂದೇ.

ಇದನ್ನು ಹೇಳಲು ಕಾರಣ ಇದೆ. ಹುಳ ಜ್ವರಕ್ಕೆ ಕೂತ ಆ ಒಂದು ದಿನ ನಮ್ಮ ಮನೆಯಲ್ಲಿ ಗಂಡಸರು ಪೇಟೆಗೆ ಹೋಗುತ್ತಾರೆ. ಮಲಗುತ್ತಾರೆ. ನಾನು, ನಮ್ಮತ್ತೆ ಆವತ್ತು ಇಟ್ಟುಹೋಗಿದ್ದ ಬಟ್ಟೆ ಒಗೆಯುತ್ತೇವೆ, ಹಿಟ್ಟು ಬೀಸಿಸುತ್ತೇವೆ, ದನದ ಕೊಟ್ಟಿಗೆ ತೊಳೆಯುತ್ತೇವೆ.

ಅಕ್ಕ, ಮೇಲಿಂದ ಎಲ್ಲವನ್ನೂ ಓದಿಕೊಂಡು ಬಂದೆ. ನಿಮ್ಮಪ್ಪ, ನಿಮ್ಮ ತಮ್ಮ, ನೀವು ಎಲ್ಲರೂ ಇದ್ದೀರಿ. ನಿಮ್ಮ ಅಮ್ಮ ಎಲ್ಲೂ ಇಲ್ಲ. ಅವರು ಎಷ್ಟು ಹೊತ್ತಿಗೆ ಮಲಗುತ್ತಾರೆ?

ಉತ್ತರದ ಚಳಿ | 17 ಜೂನ್, ಸಂಜೆ 6:20

ಸ್ವೀಡನ್‌ನಲ್ಲಿ ಇರುವ ದಾವಣಗೆರೆಯವನು. ನಡುವೆ ಒಂದು ಚಿಕ್ಕ ಮಾತು. ಇಲ್ಲಿ ಕಾನೂನಿನ ಪ್ರಕಾರ ವರ್ಷಕ್ಕೆ 25 ದಿನ ರಜೆ. ಅದರಲ್ಲಿ ನಾಲ್ಕು ವಾರವನ್ನು ಬೇಸಿಗೆಯಲ್ಲಿ, ಜೂನ್‌ನಿಂದ ಆಗಸ್ಟ್ ಒಳಗೆ, ಸಾಲಾಗಿ ತೆಗೆದುಕೊಳ್ಳುವ ಹಕ್ಕಿದೆ. ಜುಲೈನಲ್ಲಿ ಆಫೀಸು ಖಾಲಿ. ಬಂದ ಮೊದಲ ವರ್ಷ ನಾನೊಬ್ಬನೇ ಕೂತು ಮೇಲ್ ಕಳಿಸುತ್ತಿದ್ದೆ, ಒಂದಕ್ಕೂ ಉತ್ತರ ಬರುತ್ತಿರಲಿಲ್ಲ. ಎಲ್ಲರೂ ಒಟ್ಟಿಗೆ ನಿಲ್ಲಿಸಿದರೆ ಯಾರಿಗೂ ಹಿಂದೆ ಬಿದ್ದೆ ಅನ್ನುವ ಭಯ ಇರುವುದಿಲ್ಲ ಅಂತ ಆಗ ಗೊತ್ತಾಯಿತು. ಬೆಟ್ಟದಂಚು ಅವರು ಊರಿಗೆ ಊರೇ ಕೂರುತ್ತಿತ್ತು ಅಂತ ಬರೆದಿದ್ದಾರಲ್ಲ, ಅದು ಇದೇ.

ಬೆಟ್ಟದಂಚು | 19 ಜೂನ್, ರಾತ್ರಿ 12:40

ನಾಲ್ಕನೇಜ್ವರ ಅವರ ಪ್ರಶ್ನೆಗೆ ನಿನ್ನೆಯೇ ಉತ್ತರ ಬರೆಯಲು ಕೂತೆ. ನನಗೆ ಉತ್ತರ ಗೊತ್ತಿರಲಿಲ್ಲ. ಆಯಿ ನನಗಿಂತ ಮೊದಲು ಎದ್ದಿರುತ್ತಾರೆ, ನಾನು ಮಲಗುವಾಗ ಅಡುಗೆಮನೆಯಲ್ಲಿ ದೀಪ ಇರುತ್ತದೆ. ಅಷ್ಟೇ ಗೊತ್ತು.

ಅದಕ್ಕೆ ಇವತ್ತು ನೋಡಿದೆ. ಐದು ಗಂಟೆಗೆ ಎದ್ದರು. ಕೊಟ್ಟಿಗೆ, ಹಾಲು, ಕಾಫಿ, ತಿಂಡಿ. ಅಪ್ಪನಿಗೆ ಉಪ್ಪು ಕಡಿಮೆ ಹಾಕಿದ್ದು ಬೇರೆ. ಒಣಗದ ಬಟ್ಟೆಗಳನ್ನು ಬಚ್ಚಲ ಒಲೆಯ ಮೇಲಿನ ಹಗ್ಗಕ್ಕೆ ಹಾಕುವುದು, ತಿರುಗಿಸುವುದು, ತೆಗೆಯುವುದು. ಅದೇ ನಾಲ್ಕು ಸಲ. ಮಧ್ಯಾಹ್ನ ಎಲ್ಲರೂ ಮಲಗಿದಾಗ ಹಪ್ಪಳದ ಡಬ್ಬಕ್ಕೆ ತಂಪು ಹಿಡಿದಿದೆಯಾ ಅಂತ ಒಂದೊಂದೇ ತೆಗೆದು ನೋಡಿದರು. ರಾತ್ರಿ ಹತ್ತೂವರೆಗೆ ಮಲಗಿದರು. ಆಯಿಗೆ 64. ನಾನು ಬಚ್ಚಲ ಒಲೆಯ ಮುಂದೆ ಅಪ್ಪ ಕೂತಿದ್ದನ್ನು ಇಷ್ಟು ಚೆನ್ನಾಗಿ ನೆನಪಿಟ್ಟುಕೊಂಡಿದ್ದೇನೆ. ಆ ಒಲೆಗೆ ಕಟ್ಟಿಗೆ ತಂದು ಹಾಕಿದವರು ಯಾರು ಅಂತ ಬರೆಯಲೇ ಇಲ್ಲ.

ನಾಲ್ಕನೇಜ್ವರ | 19 ಜೂನ್, ಬೆಳಿಗ್ಗೆ 7:15

ನೋಡಿದಿರಲ್ಲ ಅಕ್ಕ, ನಮ್ಮತ್ತೆಗೆ ಓದಿ ಹೇಳಿದೆ. ಅವರು ಒಂದು ಮಾತು ಹೇಳಿದರು. ಬಾಣಂತನದ ಮೂರು ತಿಂಗಳು ಬಿಟ್ಟರೆ ನನ್ನನ್ನು ಯಾರೂ ಮಲಗು ಅನ್ನಲಿಲ್ಲ, ಅದೂ ಮಗುವಿಗೆ ಹಾಲು ಬರಲಿ ಅಂತ.

ಬೆಟ್ಟದಂಚು | 27 ಜುಲೈ, ಸಂಜೆ 5:00

ತುಂಬ ದಿನ ಆಯಿತು. ಪುಷ್ಯ ಮಳೆ ಸುರಿಯುತ್ತಿದೆ. ಕರೆಂಟು ಹೋಗಿ ಎರಡು ದಿನ ಆಗಿತ್ತು, ಈಗ ಬಂದಿದೆ.

ಗೆಜ್ಜೆಪೂಜೆಯವರ ಮಾತನ್ನು ತಮ್ಮನಿಗೆ ಓದಿ ಹೇಳಿದ್ದೆ. ಅವನು ಒಂದು ವಾರ ಏನೂ ಹೇಳಲಿಲ್ಲ. ಆಮೇಲೆ ಒಂದು ದಿನ ಉಪ್ಪಿನಕಾಯಿಯ ಅಪ್ಪೆಮಿಡಿ ಮಾವಿನ ಮರದ ಐವತ್ತು ಕಸಿಕಡ್ಡಿ ತಂದು ಜಗಲಿಯಲ್ಲಿ ಇಟ್ಟ. ಇದು ನನಗೆ ಸರಿಯಾಗಿ ಬರುವುದಿಲ್ಲ, ಕಳೆದ ವರ್ಷ ಕಟ್ಟಿದ್ದರಲ್ಲಿ ಅರ್ಧ ಸತ್ತವು, ತೋರಿಸಿಕೊಡಿ ಅಂದ. ಅದು ಸುಳ್ಳಲ್ಲ. ನಿಜವಾಗಿಯೂ ಸತ್ತಿದ್ದವು.

ಅಪ್ಪ ಕಡ್ಡಿ ಎತ್ತಿ ನೋಡಿ, ಇದು ಬಲಿತಿದೆ, ಇದು ಎಳಸು ಅಂತ ಬೇರೆ ಮಾಡಿದರು. ಹದಿನೇಳು ತೆಗೆದು ಬಿಸಾಡಿದರು. ಸಸಿಯ ತುದಿ ಕತ್ತರಿಸಿ, ನಡುವೆ ಸೀಳಿ, ಕಡ್ಡಿಯ ಬುಡವನ್ನು ಎರಡೂ ಕಡೆ ಹೆರೆದು ಆ ಸೀಳಿಗೆ ಕೂರಿಸಿದರು. ತಮ್ಮ ಯಾವಾಗಲೂ ನಡುವಿಗೆ ಕೂರಿಸುತ್ತಿದ್ದನಂತೆ. ಅಪ್ಪ ಒಂದು ಬದಿಗೆ ಸರಿಸಿ, ಸಿಪ್ಪೆಗೆ ಸಿಪ್ಪೆ ತಾಗಬೇಕು, ದಪ್ಪ ಒಂದೇ ಇಲ್ಲದಿದ್ದರೆ ಒಂದು ಕಡೆಯಾದರೂ ಕೂಡಬೇಕು ಅಂದರು. ಪ್ಲಾಸ್ಟಿಕ್ ಪಟ್ಟಿ ಸುತ್ತಿ, ಮೇಲೆ ಐಸ್‌ಕ್ಯಾಂಡಿ ಕವರು ಹಾಕಿ ದಾರ ಕಟ್ಟಿದರು. ರಾತ್ರಿಪಾಳಿಯವರು ಬ್ಲೇಡಿನ ವಿಷಯ ಹೇಳಿದ್ದು ನೆನಪಿತ್ತು. ಎಡಗೈ ಹೆಬ್ಬೆರಳಿಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿಕೊಟ್ಟೆ. ಮೊದಲು ಬೇಡ ಅಂದರು. ಈಗ ಅವರೇ ಹುಡುಕಿ ಹಾಕಿಕೊಳ್ಳುತ್ತಾರೆ. ದಿನಕ್ಕೆ ಹತ್ತು ಹನ್ನೆರಡು ಗಿಡ, ಅದಕ್ಕಿಂತ ಜಾಸ್ತಿ ಇಲ್ಲ. ಪಕ್ಕದ ಮನೆಯ ಇಬ್ಬರು ಹುಡುಗರು ಕಲಿಯಲು ಬರುತ್ತಿದ್ದಾರೆ. ಬಸಿಗಾಲುವೆಗೆ ಅಪ್ಪ ಈಗಲೂ ಹೋಗುತ್ತಾರೆ, ಕೊಡೆ ಹಿಡಿದು, ಎಲ್ಲಿ ಕುಸಿದಿದೆ ಅಂತ ನೋಡಿ ಬಂದು ಹೇಳುತ್ತಾರೆ.

ನಾನು ಕರಿಮಣ್ಣು ಅವರ ಸೋಮವಾರವನ್ನು ತೆಗೆದುಕೊಂಡಿದ್ದೇನೆ. ನನಗೆ ಸೋಮವಾರ ಆಗುವುದಿಲ್ಲ, ಭಾನುವಾರ ಮಾಡಿಕೊಂಡೆ. ಆವತ್ತು ಅಡುಗೆ, ಕೊಟ್ಟಿಗೆ, ಬಟ್ಟೆ ನನ್ನದು ಮತ್ತು ತಮ್ಮನದು. ಫೋನು ಅಕ್ಕಿ ಡಬ್ಬದ ಮೇಲೆ ಇರುತ್ತದೆ. ನನ್ನ ಸಲುವಾಗಿ ಅಂತ ಮಾಡಿದ್ದರೆ ಎರಡನೇ ವಾರಕ್ಕೇ ಬಿಡುತ್ತಿದ್ದೆ. ಆಯಿಗೋಸ್ಕರ ಅಂತ ಐದು ವಾರ ತಪ್ಪಿಸಿಲ್ಲ.

ಮೊದಲ ಭಾನುವಾರ ಆಯಿ ಮೂರು ಸಲ ಅಡುಗೆಮನೆಗೆ ಬಂದರು. ಒಗ್ಗರಣೆ ಸೀದ ವಾಸನೆ ಬಂತು, ಉಪ್ಪು ಹಾಕಿದೆಯಾ, ಬೆಕ್ಕು ಒಳಗೆ ಬಂತಾ ಅಂತ. ನಿನ್ನೆ ಒಂದು ಸಲವೂ ಬರಲಿಲ್ಲ. ಊಟಕ್ಕೆ ಕರೆಯಲು ಹೋದೆ. ಒಳಗಿನ ಕೋಣೆಯಲ್ಲಿ ಕಂಬಳಿ ಹೊದ್ದು, ಗೋಡೆಯ ಕಡೆ ತಿರುಗಿ ಮಲಗಿದ್ದರು. ಬಾಗಿಲ ಹತ್ತಿರ ನಿಂತೆ. ನಿದ್ದೆ ಬಂದಿತ್ತು. ಅಪ್ಪ ಹಿಂದಿನಿಂದ ಬಂದು ನೋಡಿ, ಎಬ್ಬಿಸಬೇಡ, ನಾವೂ ಆಮೇಲೆ ಉಣ್ಣೋಣ ಅಂದರು.

ಕೆಸುವಿನೆಲೆ | 27 ಜುಲೈ, ರಾತ್ರಿ 8:10

ಅಮ್ಮನಿಗೆ ಓದಿ ಹೇಳಿದೆ. ಆಮೇಲೆ ಎಷ್ಟು ಹೊತ್ತಿಗೆ ಎದ್ದರು ಅಂತ ಕೇಳುತ್ತಿದ್ದಾರೆ.

ಬೆಟ್ಟದಂಚು | 27 ಜುಲೈ, ರಾತ್ರಿ 8:25

ನಾಲ್ಕೂವರೆಗೆ. ಅನ್ನ ಆರಿಹೋಗಿತ್ತು. ಬಿಸಿ ಮಾಡಿ ಎಲ್ಲರೂ ಒಟ್ಟಿಗೆ ಉಂಡೆವು.